ಅಳಿಸದೆ ಉಳಿಸಿಕೊಂಡ ಲೆಕ್ಕ

ಅಮೆರಿಕದ ಭೂಪಟ ತೆಗೆದು ನೋಡಿ. ಕೆಳಗೆ ಬಲಗಡೆ, ಸಮುದ್ರದೊಳಕ್ಕೆ ಹೆಬ್ಬೆರಳು ಚಾಚಿದಂತೆ ಫ್ಲಾರಿಡಾ ರಾಜ್ಯ ಕಾಣುತ್ತದೆ. ಅದರ ನೆತ್ತಿಯ ಮೇಲೆ ಕುಳಿತಿರುವುದು ಜಾರ್ಜಿಯಾ. ಆ ರಾಜ್ಯದ ರಾಜಧಾನಿ ಅಟ್ಲಾಂಟಾ. ನಮ್ಮ ಮಗಳು, ಅಳಿಯ ಆ ಊರಿನ ಹೊರವಲಯದಲ್ಲಿದ್ದಾರೆ. 2023ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಅಲ್ಲಿಗೆ ಹೋಗಿದ್ದೆವು. ಮೊಮ್ಮಗಳು ಎಂಟನೇ ಕ್ಲಾಸು, ಮೊಮ್ಮಗ ನಾಲ್ಕನೇ ಕ್ಲಾಸು. ಇಬ್ಬರಿಗೂ ರಜೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಇಂಗ್ಲಿಷು.

ಅಮೆರಿಕಕ್ಕೆ ಹೋದವರೆಲ್ಲ ನಯಾಗರ ಜಲಪಾತದ ಕತೆ ಹೇಳುತ್ತಾರೆ. ನನಗೆ ಹಳೆಯ ದಾಖಲೆಗಳ ಹುಚ್ಚು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದ ಕೈ ಇದು. ಯಾವ ಊರಿಗೆ ಹೋದರೂ ಆ ಊರು ತನ್ನ ಲೆಕ್ಕವನ್ನು ಹೇಗೆ ಬರೆದಿಟ್ಟುಕೊಂಡಿದೆ ಎಂದು ನೋಡುವ ಅಭ್ಯಾಸ. ಹಾಗಾಗಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಎರಡು ದಿನ ಅಟ್ಲಾಂಟಾದ ಮ್ಯೂಸಿಯಂಗಳನ್ನು ಸುತ್ತಿದೆ. ನನ್ನಾಕೆಗೆ ಮಂಡಿನೋವು. ಅವಳು ಮನೆಯಲ್ಲೇ ಉಳಿದು, ನಮಗೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಟ್ಟಳು.

ರೈಲು ಹೆತ್ತ ಊರು

ಅಟ್ಲಾಂಟಾಕ್ಕೆ ಸಮುದ್ರವಿಲ್ಲ, ಕೋಟೆಯಿಲ್ಲ, ಆಳಿದ ರಾಜರಿಲ್ಲ. ಆ ಊರು ಹುಟ್ಟಿದ್ದು ರೈಲಿನಿಂದ. 1837ರಲ್ಲಿ ರೈಲು ಹಾದಿ ಹಾಕುವವರು ಕಾಡಿನ ಮಧ್ಯೆ ಒಂದು ಗೂಟ ನೆಟ್ಟು, ನಮ್ಮ ಹಾದಿ ಇಲ್ಲಿಗೆ ಮುಗಿಯಿತು ಎಂದರು. ಅಲ್ಲಿ ನಾಲ್ಕು ಮನೆ ಎದ್ದವು. ಊರಿಗೆ ‘ಟರ್ಮಿನಸ್’ ಎಂದೇ ಹೆಸರಾಯಿತು. ಎಂದರೆ ಕೊನೆಯ ನಿಲ್ದಾಣ. 1843ರಲ್ಲಿ ಹಿಂದಿನ ಗವರ್ನರ್ ಒಬ್ಬರ ಮಗಳು ಮಾರ್ಥಾಳ ಹೆಸರು ತೆಗೆದುಕೊಂಡು ‘ಮಾರ್ಥಾಸ್‌ವಿಲ್’ ಆಯಿತು. 1845ರಲ್ಲಿ ಅಟ್ಲಾಂಟಾ. “ಎರಡೇ ವರ್ಷಕ್ಕೆ ಆ ಹುಡುಗಿಯ ಊರನ್ನ ಕಿತ್ಕೊಂಡ್ರಾ?” ಎಂದು ಮೊಮ್ಮಗಳಿಗೆ ಬೇಜಾರು.

ಆ ರೈಲು ಹಾದಿಯ ಸೊನ್ನೆ ಮೈಲಿಯ ಕಲ್ಲು ಈಗ ಅಟ್ಲಾಂಟಾ ಹಿಸ್ಟರಿ ಸೆಂಟರ್ ಎಂಬ ದೊಡ್ಡ ಮ್ಯೂಸಿಯಂನಲ್ಲಿದೆ. ಅಲ್ಲೇ ‘ಟೆಕ್ಸಾಸ್’ ಎಂಬ ಹಳೆಯ ಉಗಿಬಂಡಿಯ ಎಂಜಿನ್ ನಿಂತಿದೆ. ಮಕ್ಕಳೇ, ಇದರ ಕತೆ ನಿಮಗೆ ಹಿಡಿಸುತ್ತದೆ. 1862ರಲ್ಲಿ ಅಮೆರಿಕದ ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ಯುದ್ಧ ನಡೆಯುತ್ತಿತ್ತು. ದಕ್ಷಿಣದವರಿಗೆ ಗುಲಾಮಗಿರಿ ಬೇಕಾಗಿತ್ತು. ಜನರನ್ನು ದನಗಳಂತೆ ಕೊಂಡು, ಮಾರಿ, ಹತ್ತಿಯ ಹೊಲಗಳಲ್ಲಿ ದುಡಿಸುತ್ತಿದ್ದರು. ಉತ್ತರದ ಕಡೆಯ ಕೆಲವರು ವೇಷ ಮರೆಸಿಕೊಂಡು ಬಂದು ದಕ್ಷಿಣದವರ ‘ಜನರಲ್’ ಎಂಬ ಎಂಜಿನನ್ನೇ ಕದ್ದು ಓಡಿಸಿದರು. ಅದನ್ನು ಅಟ್ಟಿಕೊಂಡು ಹೋದದ್ದು ಈ ‘ಟೆಕ್ಸಾಸ್’. ತಿರುಗಿಸಿ ನಿಲ್ಲಿಸಲು ಸಮಯವಿಲ್ಲದೆ ಹಿಮ್ಮುಖವಾಗಿಯೇ ಓಡಿತು! ಮೊಮ್ಮಗ ಆ ಎಂಜಿನ್ನಿನ ಮುಂದೆ ಅರ್ಧ ಗಂಟೆ ನಿಂತ. ನಾನು ಬೆಂಚಿನ ಮೇಲೆ ಕೂತು ಕಾಲು ಚಾಚಿದೆ.

ಬಣ್ಣ ಬದಲಾದ ಸೈನಿಕರು

ಅದೇ ಮ್ಯೂಸಿಯಂನಲ್ಲಿ ಒಂದು ಚಿತ್ರವಿದೆ. ಚಿತ್ರ ಎಂದರೆ ಗೋಡೆಗೆ ತೂಗುಹಾಕುವಂಥದ್ದಲ್ಲ, ಅದೇ ಒಂದು ಗೋಡೆ. ಎತ್ತರ ಸುಮಾರು 49 ಅಡಿ, ಉದ್ದ ಸುಮಾರು 370 ಅಡಿ. ದುಂಡಗೆ ಸುತ್ತುವರಿದಿದೆ. ನಡುವೆ ಎತ್ತರದ ಕಟ್ಟೆಯ ಮೇಲೆ ನಿಂತರೆ ನಾವೇ ರಣರಂಗದ ಮಧ್ಯೆ ನಿಂತಂತೆ. ಇಂಥ ಚಿತ್ರಕ್ಕೆ ಸೈಕ್ಲೋರಾಮಾ ಎನ್ನುತ್ತಾರೆ. ಸಿನಿಮಾ ಇಲ್ಲದ ಕಾಲದಲ್ಲಿ ಜನ ದುಡ್ಡು ಕೊಟ್ಟು ನೋಡುತ್ತಿದ್ದದ್ದು ಇದನ್ನೇ.

ಇದರಲ್ಲಿರುವುದು 1864ರ ಜುಲೈ 22ರಂದು ನಡೆದ ಅಟ್ಲಾಂಟಾ ಕದನ. ಅಂದು ಗೆದ್ದದ್ದು ಉತ್ತರದ ಸೈನ್ಯ. ಅದೇ ವರ್ಷ ನವೆಂಬರಿನಲ್ಲಿ ಆ ಸೈನ್ಯ ಹೊರಡುವಾಗ ಊರಿಗೆ ಬೆಂಕಿ ಬಿತ್ತು. ಬೂದಿಯಿಂದ ಎದ್ದು ಬರುವ ಫೀನಿಕ್ಸ್ ಹಕ್ಕಿ ಇಂದಿಗೂ ಅಟ್ಲಾಂಟಾದ ಲಾಂಛನ.

1886ರಲ್ಲಿ ಉತ್ತರದ ಮಿಲ್ವಾಕಿ ಊರಿನಲ್ಲಿ ಜರ್ಮನ್ ಕಲಾವಿದರು ಇದನ್ನು ಬರೆದರು. ಉತ್ತರದ ಊರುಗಳಲ್ಲಿ ಉತ್ತರದವರ ಗೆಲುವಿನ ಚಿತ್ರವಾಗಿ ಓಡಿತು. 1892ರಲ್ಲಿ ಅಟ್ಲಾಂಟಾಕ್ಕೆ ಬಂತು. ಸೋತವರ ಊರಿನಲ್ಲಿ ಸೋಲಿನ ಚಿತ್ರ ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ? ಅದಕ್ಕೆ ಒಂದು ಉಪಾಯ ಮಾಡಿದರು. ಚಿತ್ರದಲ್ಲಿ ಬೂದು ಅಂಗಿ ತೊಟ್ಟ ದಕ್ಷಿಣದ ಸೈನಿಕರು ಸೆರೆಸಿಕ್ಕಿದ ದೃಶ್ಯವೊಂದಿತ್ತು. ಆ ಅಂಗಿಗಳಿಗೆ ನೀಲಿ ಬಣ್ಣ ಬಳಿದುಬಿಟ್ಟರು. ನೀಲಿ ಉತ್ತರದವರ ಸಮವಸ್ತ್ರ. ಸೆರೆಸಿಕ್ಕಿದ ನಮ್ಮವರು ಹೋಗಿ, ಹೆದರಿ ಓಡುತ್ತಿರುವ ಶತ್ರುಗಳಾದರು. ಬಣ್ಣದ ಡಬ್ಬಿ, ಒಂದು ಕುಂಚ, ಅಷ್ಟೇ ಖರ್ಚು. ಸೋಲು ಗೆಲುವಾಯಿತು!

1930ರ ದಶಕದಲ್ಲಿ ಅದನ್ನು ಮತ್ತೆ ಬೂದು ಮಾಡಿದರು. ಚಿತ್ರದ ಮುಂದೆ ಮಣ್ಣು ಹರವಿ, ಸುಣ್ಣದ ಗಾರೆಯ ಸೈನಿಕರ ಬೊಂಬೆಗಳನ್ನು ಇಟ್ಟದ್ದೂ ಆಗಲೇ. ಅದರಲ್ಲೊಬ್ಬ ಸತ್ತ ಸೈನಿಕನ ಮುಖ ಸಿನಿಮಾ ನಟ ಕ್ಲಾರ್ಕ್ ಗೇಬಲ್‌ನದು. 1939ರಲ್ಲಿ ‘ಗಾನ್ ವಿತ್ ದ ವಿಂಡ್’ ಚಿತ್ರದ ಮೊದಲ ಪ್ರದರ್ಶನಕ್ಕೆ ಆತ ಈ ಊರಿಗೆ ಬಂದಿದ್ದ. ಅದೇ ಚಿತ್ರದಲ್ಲಿ ನಟಿಸಿದ ಹ್ಯಾಟಿ ಮೆಕ್‌ಡ್ಯಾನಿಯಲ್ ಎಂಬ ಕಪ್ಪುವರ್ಣದ ನಟಿ ಮಾತ್ರ ಆ ಪ್ರದರ್ಶನಕ್ಕೆ ಬರುವಂತಿರಲಿಲ್ಲ. ಬಿಳಿಯರ ಥಿಯೇಟರು! ಮುಂದೆ 1940ರಲ್ಲಿ ಆಸ್ಕರ್ ಪಡೆದ ಮೊದಲ ಕಪ್ಪುವರ್ಣೀಯ ಕಲಾವಿದೆ ಆಕೆಯೇ.

2019ರಲ್ಲಿ ಈ ಚಿತ್ರವನ್ನು ಹೊಸ ಕಟ್ಟಡದಲ್ಲಿ ಜನರಿಗೆ ತೆರೆದಾಗ, ಮ್ಯೂಸಿಯಂನವರು ಚಿತ್ರದ ಜೊತೆಗೆ ಅದು ಬದಲಾದ ಕತೆಯನ್ನೂ ಹೇಳಲು ತೊಡಗಿದರು. ನನಗೆ ಮೆಚ್ಚಿಗೆಯಾದದ್ದು ಇದೇ. ಬ್ಯಾಂಕಿನಲ್ಲಿ ನಮಗೆ ಮೊದಲ ವಾರದಲ್ಲೇ ಹೇಳಿಕೊಡುತ್ತಿದ್ದ ಪಾಠವೊಂದಿತ್ತು. ಲೆಡ್ಜರಿನಲ್ಲಿ ಅಂಕಿ ತಪ್ಪಾದರೆ ರಬ್ಬರಿನಿಂದ ಉಜ್ಜಬಾರದು, ಬ್ಲೇಡಿನಿಂದ ಕೆರೆಯಬಾರದು. ತಪ್ಪು ಅಂಕಿ ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಕೆರೆದ ಜಾಗ ಕಂಡರೆ ಆಡಿಟರಿಗೆ ಇಡೀ ಪುಸ್ತಕದ ಮೇಲೆ ಸಂಶಯ. ಗೆರೆ ಎಳೆದು ಸಹಿ ಹಾಕಿದ್ದು ಕಂಡರೆ ನಂಬಿಕೆ. ಮೊಮ್ಮಕ್ಕಳಿಗೆ ಇದನ್ನು ಹೇಳಿದೆ. “ಬಣ್ಣ ಬಳಿದದ್ದು ಬ್ಲೇಡಿನ ಕೆಲಸ, ಅಲ್ವಾ ತಾತ?” ಎಂದ ಚಿಕ್ಕವನು. ಹೌದು ಎಂದೆ.

ಅಜ್ಜನ ಮನೆಯಲ್ಲಿ ಹುಟ್ಟಿದ ಹುಡುಗ

ಮರುದಿನ ಮಗಳು ನಮ್ಮನ್ನು ಆಬರ್ನ್ ಅವೆನ್ಯೂ ಎಂಬ ಬೀದಿಯಲ್ಲಿ ಇಳಿಸಿ ಕೆಲಸಕ್ಕೆ ಹೋದಳು. ಒಂದು ಕಾಲಕ್ಕೆ ಇದು ಕಪ್ಪು ಜನರ ವ್ಯಾಪಾರದ ಬೀದಿ. ಬಿಳಿಯರ ಬ್ಯಾಂಕು, ವಿಮೆ ಕಂಪನಿಗಳು ಸರಿಯಾಗಿ ನಡೆಸಿಕೊಳ್ಳದ ಕಾಲದಲ್ಲಿ ಅವರು ತಮ್ಮದೇ ವಿಮೆ ಕಂಪನಿ, ತಮ್ಮದೇ ಬ್ಯಾಂಕು ಕಟ್ಟಿಕೊಂಡರು. ಅಲೋಂಜೊ ಹರ್ಂಡನ್ ಎಂಬಾತ ಹುಟ್ಟಿದ್ದು 1858ರಲ್ಲಿ, ಗುಲಾಮನಾಗಿ. ಕ್ಷೌರದ ಕಸುಬು ಕಲಿತು ಅಟ್ಲಾಂಟಾದಲ್ಲಿ ಭಾರಿ ಸಲೂನು ತೆರೆದ. ಆದರೆ ಅಲ್ಲಿನ ಗಿರಾಕಿಗಳು ಬಿಳಿಯರು ಮಾತ್ರ. ಅಂಗಡಿ ಆತನದು, ಆತನ ಜನ ಮಾತ್ರ ಆ ಕುರ್ಚಿಯಲ್ಲಿ ಕೂರುವಂತಿಲ್ಲ! 1905ರಲ್ಲಿ 140 ಡಾಲರ್ ಕೊಟ್ಟು ಒಂದು ಪುಟ್ಟ ಸಹಾಯನಿಧಿ ಸಂಘವನ್ನು ಕೊಂಡ. ಅದೇ ಬೆಳೆದು ‘ಅಟ್ಲಾಂಟಾ ಲೈಫ್’ ಎಂಬ ದೊಡ್ಡ ವಿಮೆ ಕಂಪನಿಯಾಯಿತು.

ಇದೇ ಬೀದಿಯ 501ನೇ ನಂಬರಿನ ಎರಡಂತಸ್ತಿನ ಮನೆಯಲ್ಲಿ 1929ರ ಜನವರಿ 15ರಂದು ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದು. ಅದು ಆತನ ತಾಯಿಯ ತಂದೆಯ ಮನೆ. ನಮ್ಮ ಕಡೆ ಹೇಳುವಂತೆ, ಅಜ್ಜನ ಮನೆಯಲ್ಲಿ ಆದ ಬಾಣಂತನ! ಒಳಗೆ ಬಿಡುವ ಜನರ ಸಂಖ್ಯೆ ಮಿತ. ಅಂದಿನ ಸರದಿ ಮುಗಿದಿದ್ದರಿಂದ ನಾವು ಜಗುಲಿಯ ಮುಂದೆ ನಿಂತೇ ನೋಡಿದೆವು.

ಅಲ್ಲಿ ನಿಂತು ಮಕ್ಕಳಿಗೆ ಒಂದು ಕತೆ ಹೇಳಿದೆ. ಕಿಂಗ್ ಸ್ವತಃ ಬರೆದುಕೊಂಡದ್ದು. ಆ ಹುಡುಗನಿಗೆ ಒಬ್ಬ ಬಿಳಿಯ ಗೆಳೆಯನಿದ್ದ. ಅವನ ಅಪ್ಪನ ಅಂಗಡಿ ಇವರ ಮನೆಯ ಎದುರಿಗೇ. ದಿನಾ ಜೊತೆಗೆ ಆಟ. ಆರು ವರ್ಷಕ್ಕೆ ಇಬ್ಬರೂ ಶಾಲೆಗೆ ಸೇರಿದರು. ಅವನಿಗೆ ಬಿಳಿಯರ ಶಾಲೆ, ಇವನಿಗೆ ಕಪ್ಪು ಮಕ್ಕಳ ಶಾಲೆ. ಒಂದು ದಿನ ಗೆಳೆಯ ಬಂದು, ಇನ್ನು ನಿನ್ನ ಜೊತೆ ಆಡಬಾರದಂತೆ, ಅಪ್ಪ ಹೇಳಿದ್ದಾರೆ ಎಂದ. ಹುಡುಗ ಮನೆಗೆ ಬಂದು ಊಟಕ್ಕೆ ಕೂತಾಗ ಅಪ್ಪ ಅಮ್ಮನನ್ನು ಕೇಳಿದ, ಯಾಕೆ ಎಂದು. ಅವರು ಮುಚ್ಚಿಡಲಿಲ್ಲ. ಬಣ್ಣದ ಹೆಸರಿನಲ್ಲಿ ನಡೆದುಬಂದದ್ದನ್ನೆಲ್ಲ ಹೇಳಿದರು. ನೀನು ಯಾರಿಗೂ ಕಡಿಮೆಯಲ್ಲ ಎಂದು ತಾಯಿ ಹೇಳಿದರು.

“ಅಮೇಲೆ ಆ ಫ್ರೆಂಡ್ ಬರಲೇ ಇಲ್ವಾ?” ಎಂದು ಮೊಮ್ಮಗ ಕೇಳಿದ. ಆಟ ನಿಂತುಹೋಯಿತು ಎಂದೆ. ಅವನು ಎದುರು ಬೀದಿಯನ್ನೇ ಸ್ವಲ್ಪ ಹೊತ್ತು ನೋಡಿದ.

ಆ ಬೀದಿಯ ಒಂದು ಭಾಗವೆಲ್ಲ ಈಗ ರಾಷ್ಟ್ರೀಯ ಸ್ಮಾರಕ. ಪ್ರವೇಶಕ್ಕೆ ಕಾಸಿಲ್ಲ. ಕಿಂಗ್ ಮತ್ತು ಅವರ ತಂದೆ ಇಬ್ಬರೂ ಬೋಧಕರಾಗಿದ್ದ ಎಬನೇಜರ್ ಚರ್ಚು ಇದೆ. ನೀಲಿ ನೀರಿನ ಕೊಳದ ನಡುವೆ ಕಿಂಗ್ ಮತ್ತು ಪತ್ನಿ ಕೊರೆಟ್ಟಾ ಅವರ ಅಮೃತಶಿಲೆಯ ಸಮಾಧಿ ಇದೆ. ಒಳಗೆ ಒಂದು ಹಳೆಯ ಮರದ ಗಾಡಿ ಇಟ್ಟಿದ್ದಾರೆ. ನಮ್ಮ ಹಳ್ಳಿಯ ಗಾಡಿಯಷ್ಟೇ ಸಾದಾ. 1968ರ ಏಪ್ರಿಲ್ 4ರಂದು ಕಿಂಗ್ ಅವರನ್ನು ಮೆಂಫಿಸ್ ನಗರದಲ್ಲಿ ಗುಂಡಿಟ್ಟು ಕೊಂದರು. 9ರಂದು ಅವರ ದೇಹವನ್ನು ಊರಿನ ಬೀದಿಗಳಲ್ಲಿ ಒಯ್ದದ್ದು ಈ ಗಾಡಿಯಲ್ಲೇ, ಎರಡು ಹೇಸರಗತ್ತೆಗಳನ್ನು ಕಟ್ಟಿ. ಅವರಿಗೆ ಆಗ 39 ವರ್ಷ.

ಹೊರಗೆ ಬಂದರೆ ಪರಿಚಯದವರೊಬ್ಬರು ಕೋಲು ಹಿಡಿದು ನಡೆಯುತ್ತಿದ್ದಾರೆ. ನಮ್ಮ ಗಾಂಧಿ ತಾತ! 1998ರಲ್ಲಿ ಭಾರತ ಕೊಟ್ಟ ಪ್ರತಿಮೆ ಅದು. ಕಿಂಗ್ ಗಾಂಧೀಜಿಯ ಸತ್ಯಾಗ್ರಹವನ್ನು ಓದಿ ಕಲಿತವರು. 1959ರಲ್ಲಿ ಹೆಂಡತಿಯೊಡನೆ ಭಾರತಕ್ಕೆ ಬಂದು ಒಂದು ತಿಂಗಳು ಸುತ್ತಾಡಿದರು. ನಾವು ಗಾಂಧಿಯ ಪಾದದ ಬಳಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು.

ವಾಪಸು ಬಂದ ಚೆಕ್ಕು

ಊಟವಾದ ಮೇಲೆ ಬೀದಿಯ ಟ್ರಾಮ್ ಹತ್ತಿ ಊರ ನಡುವಿನ ಪಾರ್ಕಿನ ಬಳಿ ಇಳಿದೆವು. ಅಲ್ಲಿ ನಾಗರಿಕ ಹಕ್ಕು ಮತ್ತು ಮಾನವ ಹಕ್ಕುಗಳ ರಾಷ್ಟ್ರೀಯ ಕೇಂದ್ರವಿದೆ. 2014ರಲ್ಲಿ ತೆರೆದದ್ದು. ಪಕ್ಕದಲ್ಲೇ ಕೋಕಾಕೋಲಾದ ಮ್ಯೂಸಿಯಂ. ಆ ಪಾನೀಯ ಹುಟ್ಟಿದ್ದೂ ಇದೇ ಊರಿನಲ್ಲಿ, 1886ರಲ್ಲಿ. ಮೊಮ್ಮಗ ಅತ್ತ ಎಳೆದ. ಮೊದಲು ಇದು, ಆಮೇಲೆ ಅದು ಎಂದು ರಾಜಿಯಾಯಿತು.

ಕೇಂದ್ರದಲ್ಲಿ ಕಿಂಗ್ ಅವರ ಕೈಬರಹದ ಕಾಗದಗಳಿವೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಅವರು ಮಾಡಿದ ಭಾಷಣದ ವಿಷಯವೂ ಇದೆ. ನನಗೊಂದು ಕನಸಿದೆ ಎಂದ ಭಾಷಣವೆಂದೇ ಎಲ್ಲರಿಗೂ ಅದು ಗೊತ್ತು. ಬ್ಯಾಂಕಿನವನಾದ ನನಗೆ ಹಿಡಿಸಿದ್ದು ಅದರ ಇನ್ನೊಂದು ಭಾಗ. ಎಲ್ಲರೂ ಸಮಾನರು ಎಂದು ಈ ದೇಶ ತನ್ನ ಪ್ರಜೆಗಳಿಗೆಲ್ಲ ಪ್ರಾಮಿಸರಿ ನೋಟು ಬರೆದುಕೊಟ್ಟಿತ್ತು, ಕಪ್ಪು ಜನ ಅದನ್ನು ನಗದು ಮಾಡಲು ಹೋದರೆ ಖಾತೆಯಲ್ಲಿ ಹಣವಿಲ್ಲ ಎಂಬ ಷರಾದೊಡನೆ ಚೆಕ್ಕು ವಾಪಸು ಬಂತು ಎನ್ನುವ ಅರ್ಥದ ಮಾತು. ಎಷ್ಟೋ ಚೆಕ್ಕುಗಳಿಗೆ ಆ ಚೀಟಿ ಲಗತ್ತಿಸಿ ಕಳಿಸಿದ್ದೇನೆ. ಕೌಂಟರಿನ ಆಚೆ ನಿಂತವರ ಮುಖ ಆಗ ಹೇಗಾಗುತ್ತದೆ ಎಂದು ನನಗೆ ಗೊತ್ತು. ನ್ಯಾಯದ ಬ್ಯಾಂಕು ದಿವಾಳಿಯಾಗಿದೆ ಎಂದು ನಾವು ನಂಬುವುದಿಲ್ಲ ಎಂದೂ ಕಿಂಗ್ ಹೇಳಿದರು. ಮರುವರ್ಷ, 1964ರಲ್ಲಿ, ಹೋಟೆಲು, ಥಿಯೇಟರುಗಳಲ್ಲಿ ಬಣ್ಣದ ಭೇದ ಮಾಡುವುದನ್ನು ನಿಷೇಧಿಸುವ ಕಾನೂನು ಬಂತು.

ಆ ಕಾನೂನಿಗೆ ಮೊದಲು ಏನು ನಡೆಯುತ್ತಿತ್ತು ಎಂದು ತೋರಿಸಲು ಅಲ್ಲಿ ಒಂದು ಕೌಂಟರ್ ಇಟ್ಟಿದ್ದಾರೆ. ಹೋಟೆಲಿನ ಕೌಂಟರಿನಂಥದ್ದು, ಮುಂದೆ ಎತ್ತರದ ಸ್ಟೂಲುಗಳು. 1960ರ ಫೆಬ್ರುವರಿ 1ರಂದು ಗ್ರೀನ್ಸ್‌ಬರೊ ಎಂಬ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾದ ಇಂಥ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲಿಲ್ಲ. ಕೆಲವೇ ವಾರಗಳಲ್ಲಿ ಅಟ್ಲಾಂಟಾದ ವಿದ್ಯಾರ್ಥಿಗಳೂ ಕೂತರು. ಅಕ್ಟೋಬರಿನಲ್ಲಿ ಅವರೊಡನೆ ಕೂತ ಕಿಂಗ್ ಅವರನ್ನು ಪೊಲೀಸರು ಹಿಡಿದರು. ಬೈದರೂ, ಹೊಡೆದರೂ, ತಲೆಯ ಮೇಲೆ ಸಾಸು ಸುರಿದರೂ ತಿರುಗಿ ಕೈಯೆತ್ತಬಾರದು ಎಂದು ಈ ಹುಡುಗರು ಮೊದಲೇ ತಾಲೀಮು ಮಾಡಿಕೊಂಡಿದ್ದರು. 1961ರಲ್ಲಿ ಅಟ್ಲಾಂಟಾದ ಕೌಂಟರುಗಳು ಎಲ್ಲರಿಗೂ ತೆರೆದವು.

ಈಗ ನಾವು ಆ ಸ್ಟೂಲಿನ ಮೇಲೆ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎರಡೂ ಅಂಗೈಗಳನ್ನು ಕೌಂಟರಿನ ಮೇಲಿಟ್ಟು ಕಣ್ಣು ಮುಚ್ಚಬೇಕು. ಬೈಗುಳ ಶುರುವಾಗುತ್ತದೆ. ಯಾರೋ ಕಿವಿಯ ಹತ್ತಿರವೇ ಬಂದು ಉಸಿರು ಬಿಟ್ಟು ಬೆದರಿಸಿದಂತೆ. ಸ್ಟೂಲಿಗೆ ಒದ್ದಂತೆ ಅಲುಗುತ್ತದೆ. ಚಿಕ್ಕವನನ್ನು ಕೂರಿಸಲಿಲ್ಲ. ಮೊಮ್ಮಗಳೂ ನಾನೂ ಕೂತೆವು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಎದ್ದಾಗ ಅವಳ ಅಂಗೈ ಬೆವೆತಿತ್ತು, ನನ್ನದೂ.

ಹೊರಗೆ ಬೆಂಚಿನ ಮೇಲೆ ಕೂತು ನೀರು ಕುಡಿದಳು. ಆಮೇಲೆ ಕೇಳಿದಳು, “ತಾತ, ಇಂಡಿಯಾದಲ್ಲಿ ಹೀಗೆಲ್ಲ ಇರಲಿಲ್ಲ ಅಲ್ವಾ? ಅಲ್ಲಿ ಎಲ್ಲರೂ ನೋಡೋಕೆ ಒಂದೇ ಥರ ಇರ್ತಾರಲ್ಲ?”

ಮೊಳೆಗೆ ನೇತುಹಾಕಿದ ಲೋಟ

ಇಲ್ಲ ಪುಟ್ಟಿ ಎಂದುಬಿಡುವುದು ಸುಲಭ. ಪರದೇಶದಲ್ಲಿ ಬೆಳೆಯುವ ಮಗು, ಅಜ್ಜನ ಊರನ್ನು ಹಾಡಿನಂತೆ ನೆನೆಯುವ ಮಗು. ಅದರ ಮನಸ್ಸಿನ ಚಿತ್ರಕ್ಕೆ ಮಸಿ ಯಾಕೆ ಬಳಿಯಬೇಕು ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಹಿಂದಿನ ದಿನವಷ್ಟೇ ಬ್ಲೇಡು, ಗೆರೆಯ ಪಾಠ ಹೇಳಿದವನು ನಾನೇ.

ಹಾಸನದ ಕಡೆಯ ನಮ್ಮ ಹಳ್ಳಿಯ ಹೋಟೆಲನ್ನು ಕುರಿತು ಹೇಳಿದೆ. ಒಳಗೆ ಬೆಂಚು, ಗಾಜಿನ ಲೋಟ. ಹೊರಗೋಡೆಯ ಮೊಳೆಗೆ ಎರಡು ಮೂರು ನೆಗ್ಗಿದ ಅಲ್ಯೂಮಿನಿಯಂ ಲೋಟಗಳು. ನಮ್ಮೆಲ್ಲರ ಗದ್ದೆ ನಾಟಿ ಮಾಡಿ, ಕುಯ್ಲು ಮಾಡಿಕೊಡುತ್ತಿದ್ದ ಕೇರಿಯ ಜನ ಬಂದರೆ ಅದನ್ನು ತಾವೇ ತೆಗೆದುಕೊಂಡು ಹೊರಗೇ ನಿಲ್ಲಬೇಕು. ಮೇಲಿನಿಂದ ಚಹಾ ಸುರಿಯುತ್ತಿದ್ದರು. ಕುಡಿದು, ತಾವೇ ತೊಳೆದು, ಮತ್ತೆ ಮೊಳೆಗೆ ಹಾಕಿ ಹೋಗಬೇಕು. ಕಾಸಿಗೆ ಮಾತ್ರ ಮೈಲಿಗೆ ಇರಲಿಲ್ಲ. ಅವರ ಕಾಸೂ ನಮ್ಮ ಕಾಸೂ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು. ಅಸ್ಪೃಶ್ಯತೆ ರದ್ದಾಗಿದೆ ಎಂದು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 17ನೇ ವಿಧಿ ಹೇಳಿತ್ತು. ಅದನ್ನು ಆಚರಿಸುವವರನ್ನು ಶಿಕ್ಷಿಸುವ ಕಾನೂನು 1955ರಲ್ಲಿ ಬಂದಿತ್ತು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ, ಅದಾದ ಮೇಲೂ, ಲೋಟ ಮೊಳೆಯಲ್ಲೇ ನೇತಾಡುತ್ತಿತ್ತು.

ಕಿಂಗ್ ಅವರ ಭಾರತ ಪ್ರವಾಸದ ಒಂದು ಪ್ರಸಂಗವನ್ನೂ ಅವಳಿಗೆ ಹೇಳಿದೆ. ಅವರು ತಿರುವನಂತಪುರದಲ್ಲಿ ಒಂದು ಶಾಲೆಗೆ ಹೋದರು. ಅಲ್ಲಿ ಓದುತ್ತಿದ್ದವರು ಅಸ್ಪೃಶ್ಯರೆಂದು ಕರೆಸಿಕೊಂಡವರ ಮಕ್ಕಳು. ಮುಖ್ಯೋಪಾಧ್ಯಾಯರು ಅತಿಥಿಯನ್ನು ಪರಿಚಯಿಸುತ್ತ, ಇವರೂ ನಿಮ್ಮಂತೆ ಅಸ್ಪೃಶ್ಯರು, ಅಮೆರಿಕದವರು ಎಂದರಂತೆ. ಕಿಂಗ್ ಅವರಿಗೆ ಮೊದಲು ಆ ಮಾತು ಚುಚ್ಚಿತು. ಆಮೇಲೆ ತಮ್ಮ ಜನರ ಪಾಡನ್ನು ನೆನೆದರು. ಹೌದು, ನಾನೂ ಅಸ್ಪೃಶ್ಯನೇ, ಅಮೆರಿಕದ ಕಪ್ಪು ಜನರೆಲ್ಲ ಅಸ್ಪೃಶ್ಯರೇ ಎಂದುಕೊಂಡರು. 1965ರಲ್ಲಿ ಇದೇ ಎಬನೇಜರ್ ಚರ್ಚಿನಲ್ಲಿ ನಿಂತು ಅವರೇ ಇದನ್ನು ಹೇಳಿದ್ದು. ಬಣ್ಣ ಬೇರೆಯಿದ್ದರೇ ಭೇದ ಮಾಡುತ್ತಾರೆ ಎಂದೇನಿಲ್ಲ. ಭೇದ ಮಾಡಬೇಕೆಂದು ಹೊರಟವರಿಗೆ ಏನಾದರೊಂದು ನೆಪ ಸಿಕ್ಕೇ ಸಿಗುತ್ತದೆ.

ಅವಳು ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ, “ಆ ಲೋಟ ಈಗ ಎಲ್ಲಿದೆ ತಾತ?” ಎಂದಳು.

“ಹೋಟೆಲು ಮುಚ್ಚಿ ಎಷ್ಟೋ ವರ್ಷವಾಯ್ತು ಪುಟ್ಟಿ. ಗುಜರಿಗೆ ಹೋಗಿರುತ್ತೆ.”

“ಇಟ್ಕೋಬೇಕಿತ್ತು. ಮ್ಯೂಸಿಯಂನಲ್ಲಿ.”

ಮೈಸೂರು, ಬೆಂಗಳೂರು, ಹಂಪಿ, ವಿಜಯಪುರ ಎಂದು ನಾನೂ ಬಹಳ ಮ್ಯೂಸಿಯಂ ನೋಡಿದವನು. ಕತ್ತಿ, ಕಿರೀಟ, ನಾಣ್ಯ, ಶಾಸನ, ವಿಗ್ರಹ, ಎಲ್ಲ ಕಂಡಿದ್ದೇನೆ. ಅವೆಲ್ಲ ನಮ್ಮ ಜಮೆಯ ಕಡೆಯ ಲೆಕ್ಕ, ಹೆಮ್ಮೆಪಡತಕ್ಕದ್ದೇ. ನಾನು ಕಂಡ ಗಾಜಿನ ಕಪಾಟುಗಳಲ್ಲಿ ಆ ನೆಗ್ಗಿದ ಲೋಟ ಮಾತ್ರ ಇರಲಿಲ್ಲ. ಖರ್ಚಿನ ಪುಟ ಹರಿದ ಪುಸ್ತಕ ಎಷ್ಟು ಅಂದವಾಗಿದ್ದರೂ ಅದು ಲೆಕ್ಕದ ಪುಸ್ತಕವಲ್ಲ. ಅಟ್ಲಾಂಟಾದವರು ಎಲ್ಲ ಸರಿ ಮಾಡಿಕೊಂಡಿದ್ದಾರೆ ಎಂದು ನಾನು ಹೇಳುವುದಿಲ್ಲ. ಆದರೆ ಆ ಕೌಂಟರನ್ನು ಊರ ನಡುವೆ ಇಟ್ಟು, ಬನ್ನಿ, ಕೂತು ನೋಡಿ ಎಂದು ತಮ್ಮ ಮಕ್ಕಳನ್ನೇ ಕರೆಯುತ್ತಾರೆ. ಅದಕ್ಕೆ ಗಟ್ಟಿ ಮನಸ್ಸು ಬೇಕು.

ಅಟ್ಲಾಂಟಾಕ್ಕೆ ಹೋಗುವವರಿಗೆ ಒಂದೆರಡು ಮಾತು. ಹಿಸ್ಟರಿ ಸೆಂಟರಿಗೆ ಒಂದು ಇಡೀ ದಿನ ಇಟ್ಟುಕೊಳ್ಳಿ. ಟಿಕೆಟ್ ದುಬಾರಿ, ಆದರೆ ನೋಡುವುದೂ ಅಷ್ಟೇ ಇದೆ. ಕಿಂಗ್ ಹುಟ್ಟಿದ ಮನೆಯನ್ನು ನಾವು ಬಂದ ಮೇಲೆ ರಿಪೇರಿಗಾಗಿ ಮುಚ್ಚಿದರು, ವಿಚಾರಿಸಿಕೊಂಡು ಹೋಗಿ. ಕೌಂಟರಿನ ಬೈಗುಳ ಚಿಕ್ಕ ಮಕ್ಕಳಿಗೆ ಬೇಡ.

ಹೋಗಲಾಗದ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಮನೆಯ ಅಜ್ಜ ಅಜ್ಜಿಯರ ಪಕ್ಕದಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ನೀವು ಚಿಕ್ಕವರಿದ್ದಾಗ ನಿಮ್ಮೂರಿನ ಬಾವಿಯಿಂದ ಯಾರು ನೀರು ಸೇದುತ್ತಿದ್ದರು, ಯಾರು ಸೇದುವಂತಿರಲಿಲ್ಲ, ಶಾಲೆಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಎಂದು ಕೇಳಿ. ಹೇಳಿದ್ದನ್ನು ಹೇಳಿದಂತೆ ಬರೆಯಿರಿ, ಊರಿನ ಹೆಸರು, ವರ್ಷ ಸಮೇತ. ನನ್ನ ವಯಸ್ಸಿನ ಓದುಗರೇ, ಮಕ್ಕಳು ಹಾಗೆ ಕೇಳಲು ಬಂದರೆ, ಅದೆಲ್ಲ ಈಗ ಯಾಕೆ ಎಂದು ಕಳಿಸಿಬಿಡಬೇಡಿ. ಹೇಳಿ. ಬರೆದಾದ ಮೇಲೆ ಕೆಳಗೆ ನಿಮ್ಮದೊಂದು ಸಹಿ ಇರಲಿ.